ಜಿಐ ಪೈಪು ಸಾಕು ಎಂದವಳು

ಹೊಟ್ಟೆಕಿಚ್ಚು ಎಂದರೆ ಏನು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಆಸ್ಟಿನ್ ಪಕ್ಕದ ಊರು ಸೀಡರ್ ಪಾರ್ಕಿನಲ್ಲಿ, ನಮ್ಮ ಮನೆಯಿಂದ ನಾಲ್ಕನೇ ಮನೆಯ ಅಡುಗೆಮನೆಯಲ್ಲಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಫೋಟೋದ ಮುಂದೆ ನಿಂತು ಅದನ್ನು ನಾನು ಚೆನ್ನಾಗಿಯೇ ಕಲಿತಿದ್ದೇನೆ.

ಫೋಟೋದಲ್ಲಿದ್ದದ್ದು ಘಾನಾ ದೇಶದ ಉತ್ತರ ಭಾಗದ ಒಂದು ಹಳ್ಳಿ. ಬಣ್ಣಬಣ್ಣದ ಬಟ್ಟೆಯ ಹತ್ತಿಪ್ಪತ್ತು ಹೆಂಗಸರು, ತಲೆಯ ಮೇಲೆ ಅಗಲವಾದ ಬೇಸಿನ್ನುಗಳು, ನಡುವೆ ಒಂದು ಕೈಪಂಪು. ಪಂಪಿನ ಹಿಡಿಕೆ ಹಿಡಿದು, ಹಲ್ಲೆಲ್ಲ ತೋರಿಸಿ ನಗುತ್ತಾ ನಿಂತವಳು ನನ್ನ ಗೆಳತಿ. ಮೈಸೂರಿನವಳು, ನನಗಿಂತ ಆರೇಳು ವರ್ಷ ಚಿಕ್ಕವಳು, ಆಸ್ಟಿನ್ನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್ಆರ್ ಕೆಲಸ. ನೀರಿಗೂ ಆಕೆಗೂ ಏನು ಸಂಬಂಧ? ಷವರ್ ತಿರುಗಿಸಿದರೆ ಬರುತ್ತದೆ ಎಂಬುದಷ್ಟೇ ಸಂಬಂಧ.

“ನೋಡಿ ಅಕ್ಕಾ, ಇದಕ್ಕೆ ಹ್ಯಾಂಡ್ ಪಂಪ್ ಅಂತಾರೆ. ಹೀಗೆ ಒತ್ತಿದ್ರೆ ಕೆಳಗಿಂದ ನೀರು ಮೇಲೆ ಬರತ್ತೆ,” ಎಂದು ಆಕೆ ನನಗೆ ವಿವರಿಸಿದಳು.

ನನಗೆ! ಗದಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಒಂಬತ್ತು ವರ್ಷ ಜೀಪಿನಲ್ಲಿ ಧೂಳು ಕುಡಿದು, ಕೆಟ್ಟ ಬೋರುಗಳನ್ನೆಲ್ಲ ರಿಪೇರಿ ಮಾಡಿಸಿದ ಜೂನಿಯರ್ ಇಂಜಿನಿಯರ್ ನಾನು. ಹಳ್ಳಿಯ ಹೆಂಗಸರು ನನ್ನನ್ನು “ಬೋರಿನ ಬಾಯಾರು” ಎನ್ನುತ್ತಿದ್ದರು. ಹಿಡಿಕೆ ಎತ್ತಿಳಿಸುವ ಸದ್ದು ಕೇಳಿಯೇ ಒಳಗಿನ ವಾಷರ್ ಸವೆದಿದೆಯೋ ಸರಪಳಿ ಸಡಿಲಾಗಿದೆಯೋ ಹೇಳುತ್ತಿದ್ದೆ. ಆ ಫೋಟೋದಲ್ಲಿದ್ದ ಪಂಪು ನಮ್ಮ ದೇಶದ ಮಾದರಿಯದೇ. ಅದರ ತಲೆ, ಅದರ ಮೂತಿ, ಅದರ ಮೂರು ಕಾಲು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅದರ ಪಕ್ಕದಲ್ಲಿ ಎಚ್ಆರ್‌ನವಳು ನಿಂತಿದ್ದಾಳೆ, ನಾನು ಸೀಡರ್ ಪಾರ್ಕಿನಲ್ಲಿ ಮಕ್ಕಳಿಗೆ ಭಿನ್ನರಾಶಿಯ ಟ್ಯೂಷನ್ ಹೇಳುತ್ತಿದ್ದೇನೆ.

“ಹೌದೇನು? ನನಗ ಗೊತ್ತ ಇದ್ದಿದ್ದಿಲ್ಲ ನೋಡವಾ,” ಎಂದೆ.

ಆಕೆಗೆ ಕೊಂಕು ಹತ್ತಲೇ ಇಲ್ಲ. “ನನಗೂ ಹೋಗೋವರೆಗೂ ಗೊತ್ತಿರ್ಲಿಲ್ಲ ಅಕ್ಕಾ,” ಎಂದು ಕಾಫಿ ಬೆರೆಸತೊಡಗಿದಳು. ಚುಚ್ಚಿದರೂ ನೋಯದವರನ್ನು ಕಂಡರೆ ಮೈ ಇನ್ನಷ್ಟು ಉರಿಯುತ್ತದೆ.

ನಾನು ಇಂಜಿನಿಯರ್ ಎಂದು ಆಕೆಗೆ ಗೊತ್ತಿರಲಿಲ್ಲ, ಅದು ನಿಜ. ನಾನೇ ಹೇಳಿರಲಿಲ್ಲ. ಗಂಡನ ಚಿಪ್ ಕಂಪನಿಯ ಕೆಲಸದ ಹಿಂದೆ ಎಚ್-ಫೋರ್ ವೀಸಾದಲ್ಲಿ ಬಂದವಳು ನಾನು. ಆಗ ಆ ವೀಸಾದ ಹೆಂಗಸರು ಕೆಲಸ ಮಾಡುವ ಹಾಗಿರಲಿಲ್ಲ. ಮುಂದೆ ಕಾಗದಪತ್ರ ಸರಿಹೋಗುವ ಹೊತ್ತಿಗೆ ನನ್ನ ಅನುಭವವನ್ನು ಕೇಳುವವರೇ ಇರಲಿಲ್ಲ. “ನಾನು ಇಂಜಿನಿಯರ್ ಆಗಿದ್ದೆ” ಎಂದರೆ ಎಲ್ಲರೂ “ಈಗ?” ಎಂದು ಕೇಳುತ್ತಾರೆ. ಆ ಪ್ರಶ್ನೆಯ ಉಸಾಬರಿಯೇ ಬೇಡ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಆಕೆ ಘಾನಾಕ್ಕೆ ಹೋಗಿದ್ದಾದರೂ ಹೇಗೆ ಎಂದರೆ, ಆಸ್ಟಿನ್ನಿಗೆ ಶಿಫ್ಟ್ ಆಗುವ ಮೊದಲು ಅವರು ಹ್ಯೂಸ್ಟನ್ ಹತ್ತಿರದ ಸ್ಟಾಫರ್ಡ್‌ನಲ್ಲಿದ್ದರು. ಪಕ್ಕದ ಮನೆಯಲ್ಲಿ ಘಾನಾದ ಒಬ್ಬ ನರ್ಸ್. ಐವತ್ತು ದಾಟಿದ, ದಪ್ಪ ಕನ್ನಡಕದ, ನಿಧಾನವಾಗಿ ಮಾತಾಡುವ ಹೆಂಗಸು. ಆಕೆ ತನ್ನ ತಾಯಿಯ ಹಳ್ಳಿಗೆ ನೀರು ಒದಗಿಸಲೆಂದು ಒಂದು ಪುಟ್ಟ ಸಂಸ್ಥೆ ಕಟ್ಟಿದ್ದಳು. ಮೈಸೂರಿನವಳು ಮೊದಲು ಅದಕ್ಕೆ ಹಣ ಕೂಡಿಸುವ ಊಟದ ದಿನ ಪಲಾವ್ ಮಾಡಿಕೊಟ್ಟಳಂತೆ, ಆಮೇಲೆ ಪತ್ರ ಟೈಪ್ ಮಾಡಿಕೊಟ್ಟಳಂತೆ, ಆಮೇಲೆ ನಮ್ಮ ಕನ್ನಡದವರನ್ನೆಲ್ಲ ಎಳೆದುತಂದು ಸಂಸ್ಥೆಯ ಕಾರ್ಯದರ್ಶಿಯೇ ಆದಳು. ನರ್ಸಿನ ಜೊತೆ ಒಂದು ಸಲ ಹಳ್ಳಿಗೂ ಹೋಗಿಬಂದಳು. ಊರಿನ ಮುಖ್ಯಸ್ಥನ ಮನೆಗೆ ಹೋಗುವಾಗ ಕೋಲಾ ಕಾಯಿ ಒಯ್ದು ಕೊಡಬೇಕಂತೆ. “ನಮ್ಮ ಎಲೆ ಅಡಿಕೆ ಥರಾನೇ ಅಕ್ಕಾ!” ಎಂದು ಬೀದಿಯ ಮನೆಮನೆಗೂ ಹೇಳಿದಳು. ಹುಡುಗರು ಆಕೆಗೆ ವಾಟರ್ ಆಂಟಿ ಎಂದು ಹೆಸರಿಟ್ಟರು. ನನ್ನ ಸ್ವಂತ ಮಗಳು ಬಾಗಿಲು ತೆರೆದು, “ಅಮ್ಮಾ, ವಾಟರ್ ಆಂಟಿ ಈಸ್ ಹಿಯರ್!” ಎಂದು ಕೂಗಿದ ದಿನ ನಾನು ಬೇಳೆಯನ್ನು ತಳ ಹಿಡಿಸಿದೆ.

ನನ್ನ ಗುಟ್ಟು ಬಿಟ್ಟುಕೊಟ್ಟವರು ನನ್ನ ಗಂಡ. ಒಂದು ಶನಿವಾರ ಅವರ ಮನೆಯಲ್ಲಿ ಊಟ ಮಾಡುತ್ತಿದ್ದಾಗ, “ನಮ್ಮಾಕಿ ಊರಾಗ ಇಂಥಾವು ನೂರಾರು ಬೋರ್ ರಿಪೇರಿ ಮಾಡ್ಸ್ಯಾಳ್ರಿ. ಜೆಇ ಇದ್ಲು,” ಎಂದುಬಿಟ್ಟರು.

ಮೈಸೂರಿನವಳ ಕೈಯ ಸೌಟು ಹಾಗೇ ನಿಂತಿತು. “ಅಯ್ಯೋ ಅಕ್ಕಾ! ಇಷ್ಟು ದಿನ ಯಾಕೆ ಹೇಳ್ಲಿಲ್ಲ? ನಾನು ಪೆದ್ದಿ ಥರ ನಿಮಗೇ ಪಂಪ್ ಬಗ್ಗೆ ಪಾಠ ಮಾಡ್ತಿದ್ನಲ್ಲ! ಇನ್ಮೇಲೆ ನೀವು ನಮ್ಮ ಜೊತೆ ಬರಲೇಬೇಕು.”

ಬೇಡ ಎಂದು ಎರಡು ಸಲ ಬಿಗುಮಾನ ತೋರಿಸಿದೆ. ಮೂರನೇ ಸಲ ಕೇಳಲಿಕ್ಕಿಲ್ಲವೇನೋ ಎಂದು ಹೆದರಿ ಒಪ್ಪಿಕೊಂಡೆ.

ತಿಂಗಳಿಗೊಂದು ಭಾನುವಾರ ಸ್ಟಾಫರ್ಡ್‌ನಲ್ಲಿ ಮೀಟಿಂಗ್. ಒಂದು ಇಂಡಿಯನ್ ಅಂಗಡಿಯ ಹಿಂದಿನ ಕೋಣೆ, ಅಕ್ಕಿ ಮೂಟೆಗಳ ವಾಸನೆ, ಮಡಚುವ ಕುರ್ಚಿಗಳು. ಸೀಡರ್ ಪಾರ್ಕಿನಿಂದ ಮೂರು ಗಂಟೆಯ ಡ್ರೈವ್. ಮೈಸೂರಿನವಳು ಕಾರು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಆಕೆ ಲೇನ್ ಬದಲಿಸುವ ರೀತಿಯಲ್ಲೂ ತಪ್ಪು ಹುಡುಕುತ್ತಿದ್ದೆ. ಕೋಣೆಯಲ್ಲಿ ನರ್ಸ್, ಘಾನಾದ ಒಂದೆರಡು ಕುಟುಂಬ, ನಮ್ಮ ಕಡೆಯ ನಾಲ್ಕೈದು ಜನ. ಅವರಲ್ಲಿ ಮೋಟೆಲ್ ನಡೆಸುವ ಬೆಳಗಾವಿಯ ಒಬ್ಬ ಅಂಕಲ್. ನನ್ನ ಮಾತು ಕೇಳಿದ ಕೂಡಲೇ, “ಓಹೋ, ನಮ್ಮ ಕಡೆಯವ್ರು ಬಂದ್ರ್ಯಾ!” ಎಂದು ಕುರ್ಚಿ ಎಳೆದು ಕೊಟ್ಟರು.

ನರ್ಸಿನ ಕೆಲಸದ ರೀತಿ ನನಗೆ ಮೊದಲ ದಿನವೇ ಬೇಸರ ತರಿಸಿತು. ಏನೇ ಪ್ರಸ್ತಾಪ ಬರಲಿ, “ಊರು ಕೇಳಿದೆಯಾ?” ಎನ್ನುತ್ತಿದ್ದಳು. ಊರು ಕೇಳದೆ ಏನೂ ಕೊಡುವಂತಿಲ್ಲ. ಪಂಪು ಎಲ್ಲಿರಬೇಕು ಎಂದು ಊರಿನ ಹೆಂಗಸರ ಸಮಿತಿ ಹೇಳಬೇಕು. ಅದನ್ನು ನೋಡಿಕೊಳ್ಳುವ ಇಬ್ಬರು ಹೆಂಗಸರನ್ನು ಅವರೇ ಆರಿಸಬೇಕು, ಆ ಇಬ್ಬರಿಗೆ ಪಾನಾ ಹಿಡಿಯಲು ಕಲಿಸಬೇಕು. ಅಷ್ಟಾಗುವವರೆಗೆ ಇಲ್ಲಿ ಟೆಕ್ಸಸ್‌ನಲ್ಲಿ ಕೂತವರು ಕಾಯಬೇಕು. ನಮ್ಮ ತಾಲ್ಲೂಕಿನಲ್ಲಿ ನಾವು ಯಾರನ್ನು ಕೇಳಿದ್ದೆವು? ಜೀಪು ನಿಲ್ಲಿಸಿ, ಇಲ್ಲಿ ಕೊರೆಯಿರಿ ಎಂದರೆ ಕೊರೆಯುತ್ತಿದ್ದರು.

ಅವತ್ತಿನ ವಿಷಯ ಎರಡನೇ ಪಂಪು. ಆ ಹಳ್ಳಿಗೆ ಎರಡು ಕೇರಿ. ಮೊದಲ ಕೇರಿಯಲ್ಲಿ ಪಂಪು ಬಂದಿತ್ತು, ಫೋಟೋದಲ್ಲಿ ನಾನು ನೋಡಿದ್ದು ಅದೇ. ಆಚೆ ಕೇರಿಯ ಹೆಂಗಸರು ಇನ್ನೂ ದೂರದ ಕೆರೆಯ ಬಗ್ಗಡ ನೀರನ್ನೇ ತರುತ್ತಿದ್ದರು. ಅಲ್ಲಿ ಬೋರು ಕೊರೆದಾಗಿತ್ತು, ನೀರೂ ಬಿದ್ದಿತ್ತು. ಆದರೆ ಪಂಪು ಇಳಿಸಿರಲಿಲ್ಲ. ಯಾಕೆಂದರೆ ಆ ಭಾಗದ ಪಂಪು ರಿಪೇರಿಯ ಮೇಸ್ತ್ರಿ ಒಬ್ಬ ಮುದುಕ, ಒಳಗಿನ ಪೈಪುಗಳು ಮೊದಲ ಪಂಪಿನ ಹಾಗೆ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು, ಸತುವಿನ ಲೇಪ ಕೊಟ್ಟ ಸಾದಾ ಕಬ್ಬಿಣದ ಜಿಐ ಪೈಪು ಬೇಡ ಎಂದಿದ್ದ. ಸ್ಟೀಲ್ ತುಟ್ಟಿ. ಇನ್ನೊಂದು ಸುಗ್ಗಿಯವರೆಗೆ ಕಾಯುತ್ತೇವೆ, ಆದರೆ ಸ್ಟೀಲೇ ಹಾಕಿ ಎಂದು ಹೆಂಗಸರ ಸಮಿತಿಯೂ ಹೇಳಿತ್ತು.

ನಾನು ನಕ್ಕೆ. ಸುಮ್ಮನೆ ನಗಲಿಲ್ಲ, ಎಲ್ಲರಿಗೂ ಕೇಳಿಸುವ ಹಾಗೆ ನಕ್ಕೆ.

“ಒಂದು ವರ್ಷ ಬಗ್ಗಡ ನೀರು ಕುಡಿಯುವುದು ಯಾತಕ್ಕೆ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. “ನಮ್ಮ ಕಡೆ ಎಲ್ಲ ಬೋರಿಗೂ ಜಿಐ ಪೈಪೇ. ನಾನು ಕೆಲಸಕ್ಕೆ ಸೇರುವ ಮೊದಲು ಇಳಿಸಿದ ಪೈಪುಗಳು ನಾನು ಬಿಡುವಾಗಲೂ ಗಟ್ಟಿಯಾಗಿದ್ದವು. ಸ್ಟೀಲ್ ಮಾರಿದರೆ ನಿಮ್ಮ ಮೇಸ್ತ್ರಿಗೆ ಏನೋ ಲಾಭವಿರಬೇಕು.”

ಕೋಣೆಯಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದರು. ಎಷ್ಟು ವರ್ಷವಾಗಿತ್ತು ಹಾಗೆ ಹತ್ತು ಜನ ನನ್ನ ಬಾಯಿಯನ್ನೇ ನೋಡಿ! ಮೈಸೂರಿನವಳು ನನ್ನ ಪಕ್ಕದಲ್ಲಿ ಕೂತು ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದಳು. ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬುದು ಅಷ್ಟೂ ಜನಕ್ಕೆ ಕಾಣಲಿ ಎಂದು ನಾನು ವಾಷರ್, ಸಿಲಿಂಡರ್, ಸರಪಳಿ ಎಂದು ಕೇಳದಿದ್ದುದನ್ನೆಲ್ಲ ಹೇಳಿದೆ.

ನರ್ಸ್ ಒಂದೇ ಮಾತು ಕೇಳಿದಳು. “ನಮ್ಮ ಕಡೆಯ ನೀರು ಬೇರೆ ಎನ್ನುತ್ತಾನೆ ಆತ. ಅದನ್ನು ಒಮ್ಮೆ ಪರೀಕ್ಷೆ ಮಾಡಿಸಿ ನೋಡೋಣವೇ?”

ಅಲ್ಲಿ ನಾನು ಹೂಂ ಎಂದಿದ್ದರೆ ಮುಗಿದಿತ್ತು. ಒಂದು ಬಾಟಲಿ ನೀರು, ಒಂದು ಸಣ್ಣ ಪರೀಕ್ಷೆ, ಅಷ್ಟೇ. ಆದರೆ ಹೂಂ ಎಂದರೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ ಎಂದಾಗುತ್ತಿತ್ತು, ಅದೂ ಮೈಸೂರಿನವಳ ಎದುರು. “ಒಂಬತ್ತು ವರ್ಷ ಮಾಡಿದ್ದೇನೆ ಈ ಕೆಲಸ. ಜಿಐ ಪೈಪು ಸಾಕು,” ಎಂದೆ.

“ಅಕ್ಕ ಹೇಳಿದ್ರು ಅಂದ್ರೆ ಮುಗೀತು,” ಎಂದಳು ಮೈಸೂರಿನವಳು. ಬೆಳಗಾವಿ ಅಂಕಲ್ ಮೇಜು ತಟ್ಟಿದರು. ನಮ್ಮ ಇಂಜಿನಿಯರ್ ಹೀಗೆ ಹೇಳುತ್ತಾರೆ ಎಂದು ಊರಿನ ಸಮಿತಿಗೆ ಪತ್ರ ಹೋಯಿತು. ಪತ್ರ ಬರೆದವಳು ಕಾರ್ಯದರ್ಶಿ, ಅಂದರೆ ಆಕೆ. ಅಮೆರಿಕದ ಇಂಜಿನಿಯರ್ ಎಂದ ಮೇಲೆ ಊರಿನವರು ತಮ್ಮ ಮುದುಕ ಮೇಸ್ತ್ರಿಯ ಮಾತನ್ನು ಹಿಡಿದು ಕೂರುವುದುಂಟೇ? ಎರಡು ತಿಂಗಳಲ್ಲಿ ಪಂಪು ಬಂತು. ಆಚೆ ಕೇರಿಯ ಹೆಂಗಸರು ಕುಣಿದ ವಿಡಿಯೋ ಬಂತು. ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅದು ನನ್ನ ಬೋರು.

ಆ ಚಳಿಗಾಲದಲ್ಲಿ ಡಾಲಸ್ ಕಡೆಯ ಕನ್ನಡದವರು ಕಾಪೆಲ್‌ನಲ್ಲಿ ಸಂಸ್ಥೆಗಾಗಿ ಒಂದು ಊಟದ ಕಾರ್ಯಕ್ರಮ ಇಟ್ಟುಕೊಂಡರು. ನಾನು ಮೈಸೂರು ರೇಷ್ಮೆ ಉಟ್ಟು ಹೋದೆ. ನಾಲ್ಕು ಮಾತು ಆಡಬೇಕಾಗಬಹುದೆಂದು ಕಾರಿನಲ್ಲಿ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಅಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ಬಡಿಸುವವರು ಕಡಿಮೆ ಬಿದ್ದರು. ಯಾರೋ ನನ್ನ ಕೈಗೆ ಸೌಟು ಕೊಟ್ಟರು. ನಾನು ಬಡಿಸುತ್ತಿರುವಾಗಲೇ ಒಳಗೆ ಚಪ್ಪಾಳೆ ಕೇಳಿಸಿತು. ಬಗ್ಗಿ ನೋಡಿದೆ. ಮೈಸೂರಿನವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕುರ್ಚಿಯಲ್ಲಿ ಕೂರಿಸಿ ಫೋಟೋ ಹೊಡೆಯುತ್ತಿದ್ದರು.

ಆಕೆ ಮೈಕಿನಲ್ಲಿ, “ಇದೆಲ್ಲ ನಮ್ಮ ಇಂಜಿನಿಯರ್ ಅಕ್ಕನಿಂದ ಆಗಿದ್ದು. ಅಕ್ಕಾ ಎಲ್ಲಿದ್ದೀರಾ? ಬನ್ನಿ,” ಎಂದು ಕರೆದಳು. ಕರೆಯಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಕೈಯಲ್ಲಿ ಸೌಟು, ಸೆರಗಿನ ಮೇಲೆ ತುಪ್ಪದ ಕಲೆ. ಹೇಗೆ ಹೋಗಲಿ? ನಾನು ಅಲ್ಲಿಂದಲೇ ಸೌಟು ಎತ್ತಿ ತೋರಿಸಿದೆ, ಎಲ್ಲರೂ ಗೊಳ್ಳೆಂದು ನಕ್ಕರು. ಪ್ರೀತಿಯಿಂದಲೇ ನಕ್ಕರು. ನನಗೆ ಆ ಬಿಸಿಬೇಳೆಭಾತಿನ ಪಾತ್ರೆಯನ್ನು ತಲೆಕೆಳಗು ಮಾಡಬೇಕೆನ್ನಿಸಿತು.

ವಾಪಸ್ ಬರುವಾಗ ಹೈವೇ ತುಂಬ ನಾನು ಮುಖ ಊದಿಸಿಕೊಂಡು ಕೂತಿದ್ದೆ.

“ನಿನಗ ಹೊಟ್ಟಿಕಿಚ್ಚು. ಬ್ಯಾರೆ ಏನೂ ಇಲ್ಲ,” ಎಂದರು ನನ್ನ ಗಂಡ.

“ಹೌದ್ರಿ, ಹೊಟ್ಟಿಕಿಚ್ಚ. ಅದಕ್ಕೇನೀಗ? ಕೆಲಸ ನಂದು, ಶಾಲು ಆಕೀದು. ನಿಮಗಾದ್ರ ಆಗ್ತಿರ್ಲಿಲ್ಲೇನು?”

“ನನಗ ಹಸಿವಿ ಆಗೇದ. ನೀ ಎಲ್ಲಾರಿಗೂ ಬಡಸಿ ನನ್ನೊಬ್ಬನ್ನ ಮರತಿ,” ಎಂದರು. ಅಲ್ಲಿಗೆ ಆ ಮಾತು ನಿಂತಿತು.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೈಸೂರಿನವಳು ಆಫೀಸಿನಿಂದ ನನ್ನ ಫೋನಿಗೆ ಒಂದು ಫೋಟೋ ಕಳಿಸಿದಳು. ನರ್ಸಿಗೆ ಊರಿನಿಂದ ಬಂದ ಫೋಟೋ. ಆಚೆ ಕೇರಿಯ ಪಂಪು, ಸುತ್ತಲಿನ ಸಿಮೆಂಟಿನ ಕಟ್ಟೆ. ಕಟ್ಟೆಯೆಲ್ಲ ಕೆಂಪಗೆ ಕಂದಿತ್ತು. ಹೆಂಗಸರು ಒಬ್ಬರೂ ಇರಲಿಲ್ಲ.

ಹಿಂದೆಯೇ ಫೋನ್ ಮಾಡಿದಳು. “ಅಕ್ಕಾ, ಬೆಳಿಗ್ಗೆ ಮೊದಲು ಬರೋ ನೀರು ಕೆಂಪಗಿರತ್ತಂತೆ. ಬಿಳಿ ಬಟ್ಟೆ ಒಗೆದ್ರೆ ಕಲೆ ಆಗತ್ತಂತೆ, ಗಂಜಿ ಕಪ್ಪಗಾಗತ್ತಂತೆ. ಏನಿರಬಹುದು?”

“ಅಲ್ಲಿ ಮಣ್ಣ ಕೆಂಪು ಅಲ್ಲೇನು? ಧೂಳು ಬಿದ್ದಿರಬೇಕು. ತೊಳೀಲಿಕ್ಕೆ ಹೇಳು,” ಎಂದೆ.

ಬಾಯಿ ಹೇಳಿತು, ಮನಸ್ಸು ಒಪ್ಪಲಿಲ್ಲ. ಫೋನ್ ಇಟ್ಟು ಕಂಪ್ಯೂಟರ್ ಮುಂದೆ ಕೂತೆ. ಟ್ಯೂಷನ್ನಿನ ಮಕ್ಕಳು ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಅಷ್ಟು ಸಾಕಾಯಿತು. ಪಶ್ಚಿಮ ಆಫ್ರಿಕಾದ ಎಷ್ಟೋ ಕಡೆ ನೆಲದಡಿಯ ನೀರಿಗೆ ಹುಳಿಯ ಗುಣವಿದೆ, ಅಂಥಲ್ಲಿ ಜಿಐ ಪೈಪು ಇಳಿಸಬಾರದು ಎಂದು ಆ ಕೆಲಸ ಮಾಡುವವರಿಗೆಲ್ಲ ಎಂದೋ ಗೊತ್ತಿತ್ತು. ಕಬ್ಬಿಣದ ಬಾಣಲೆಯಲ್ಲಿ ಹುಣಸೆಹುಳಿ ಇಟ್ಟು ಮರೆತರೆ ಏನಾಗುತ್ತದೋ ಅದೇ ಅಲ್ಲಿ ಪೈಪಿಗೆ ಆಗುತ್ತದೆ. ನಮ್ಮ ಗದಗದ ನೀರು ಗಡಸು. ಪೈಪಿನ ಒಳಗೆ ಬಿಳಿ ಪದರ ಕಟ್ಟಿ, ಆ ಪದರವೇ ಪೈಪನ್ನು ಕಾಯುತ್ತದೆ. ನನ್ನ ಪೈಪುಗಳು ಅಷ್ಟು ವರ್ಷ ಬಾಳಿದ್ದು ನನ್ನ ಜಾಣತನದಿಂದಲ್ಲ, ಆ ನೀರಿನಿಂದ. ಮುದುಕ ಮೇಸ್ತ್ರಿ ಹೇಳಿದ್ದೂ ಇದನ್ನೇ. ಅವನನ್ನು ನಾನು ಲಾಭಕೋರ ಎಂದಿದ್ದೆ.

ಆಗಲೇ ಫೋನ್ ಎತ್ತಿ ಹೇಳಬಹುದಿತ್ತು. ಪೈಪುಗಳನ್ನು ಮೇಲೆಳೆದು ಸ್ಟೀಲಿನವನ್ನು ಇಳಿಸಿದರೆ ಬೋರು ಉಳಿಯುತ್ತಿತ್ತು. ನಾನು ಹೇಳಲಿಲ್ಲ. ಆಕೆಯ ಮುಂದೆ, ನನಗೆ ತಿಳಿಯಲಿಲ್ಲ, ತಪ್ಪಾಯಿತು ಎನ್ನುವುದು ನನ್ನ ಕೈಲಿ ಆಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮೂರು ವಾರ ನಾಳೆ ನಾಳೆ ಎಂದೇ ಕಳೆದೆ. ಅಷ್ಟರಲ್ಲಿ ಊರಿನ ಆ ಇಬ್ಬರು ಹೆಂಗಸರು, ಪಾನಾ ಹಿಡಿಯಲು ಕಲಿತವರು, ತಾವೇ ರಿಪೇರಿ ಮಾಡಲು ಹೋದರು. ಅವರಿಗೆ ಕಲಿಸಿದ ಹಾಗೆಯೇ ಮಾಡಿದರು, ಅವರದೇನೂ ತಪ್ಪಿಲ್ಲ. ಅರ್ಧ ಮೇಲೆ ಬಂದ ಪೈಪು ಜೋಡಣೆಯ ಹತ್ತಿರ ಪುಡಿಯಾಗಿ ಮುರಿದು, ಉಳಿದದ್ದೆಲ್ಲ ನೀರೆತ್ತುವ ಸಿಲಿಂಡರ್ ಸಮೇತ ಬೋರಿನೊಳಗೆ ಬಿತ್ತು. ಮೇಲೆತ್ತಲು ಮೇಸ್ತ್ರಿ ಎರಡು ದಿನ ಒದ್ದಾಡಿದ. ಬರಲಿಲ್ಲ. ಆಚೆ ಕೇರಿಯ ಹೆಂಗಸರು ಬೇಸಿನ್ನು ಹೊತ್ತು ಮತ್ತೆ ಕೆರೆಯ ದಾರಿ ಹಿಡಿದರು.

ಮುಂದಿನ ಸ್ಟಾಫರ್ಡ್ ಮೀಟಿಂಗಿಗೆ ಜನ ಜಾಸ್ತಿ ಬಂದಿದ್ದರು, ಕಾಪೆಲ್‌ನಿಂದಲೂ ಬಂದಿದ್ದರು. ನರ್ಸ್ ನಡೆದದ್ದನ್ನು ನಿಧಾನವಾಗಿ ಹೇಳಿದಳು, ಯಾರ ಮೇಲೂ ಹಾಕದೆ ಹೇಳಿದಳು. ಬೆಳಗಾವಿ ಅಂಕಲ್ ನನ್ನ ಮಾತನ್ನೂ ಅದಕ್ಕೆ ತಾವು ಮೇಜು ತಟ್ಟಿದ್ದನ್ನೂ ಪೂರ್ತಿ ಮರೆತಿದ್ದರು, ಅವತ್ತು ಅಲ್ಲಿದ್ದ ಉಳಿದವರು ಅದನ್ನು ನೆನಪಿಸಲು ಹೋಗಲಿಲ್ಲ.

“ಊರಾವ್ರು ಸ್ಟೀಲ್ ಬೇಕು ಅಂದಿದ್ರಂತಲ್ರಿ? ಮತ್ತ ಜಿಐ ಹಾಕ್ರಿ ಅಂತ ಬರದಾವ್ರು ಯಾರ್ರಿ?” ಎಂದು ಗುಡುಗಿದರು.

ಏಳಬೇಕು ಎಂದುಕೊಂಡೆ. ಏಳಲಿಲ್ಲ.

“ಪತ್ರ ಬರೆದಿದ್ದು ನಾನು ಅಂಕಲ್,” ಎಂದಳು ಮೈಸೂರಿನವಳು. “ಊರಿನವರ ಮಾತು ಮೀರಿ ಡಿಸೈಡ್ ಮಾಡಿದ್ದು ನಂದೇ ತಪ್ಪು. ಟೆಸ್ಟ್ ಮಾಡಿಸ್ಬೇಕಿತ್ತು, ಮಾಡಿಸ್ಲಿಲ್ಲ. ನಾನು ಸೆಕ್ರೆಟರಿ ಕೆಲಸ ಬಿಡ್ತೀನಿ.”

ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ ಆಕೆ. ನೋಡಿದವಳು ನರ್ಸ್. ದಪ್ಪ ಕನ್ನಡಕದಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ತನ್ನ ಕಾಗದಗಳ ಕಡೆ ತಿರುಗಿದಳು.

ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ನಾಚಿಕೆ ಆಯಿತು, ಆದರೆ ಅದಕ್ಕಿಂತ ಮೊದಲು ಜೀವಕ್ಕೆ ಹಾಯೆನಿಸಿತು. ಆಮೇಲೆ ಸಿಟ್ಟು ಬಂತು. ಶಾಲೂ ಆಕೆಗೇ ಬೇಕು, ತಪ್ಪೂ ಆಕೆಗೇ ಬೇಕೇ ಎಂದು ಒಳಗೊಳಗೇ ಸಿಡುಕಿದೆ. ಮೂರು ಗಂಟೆ ಡ್ರೈವ್ ಮಾಡಿ ಮನೆಗೆ ಬಂದೆವು. ದಾರಿಯಲ್ಲಿ ಆಕೆ ತನ್ನ ಮಗನ ಹಲ್ಲಿನ ಕ್ಲಿಪ್ಪಿನ ವಿಷಯ ಮಾತಾಡಿದಳು. ನಾನು ಹೂಂಗುಟ್ಟಿದೆ.

ಮುಂದೇನು ನಡೆಯಿತೆಂದರೆ, ನಗಬೇಡಿ, ನೀರಿನ ಕೆಲಸವನ್ನು ನನಗೇ ವಹಿಸಿದರು. “ನಮಗ ಇನ್ನ ಗೊತ್ತಿದ್ದಾವ್ರೇ ಬೇಕ್ರಿ. ಎಚ್ಆರ್‌ನಾವ್ರಿಂದ ಬೋರ್ ಹಾಕಿಸಿದ್ರ ಇದ ಆಗೂದು,” ಎಂದರು ಬೆಳಗಾವಿ ಅಂಕಲ್. ನಾನು ಒಪ್ಪಿಕೊಂಡೆ. ಎಷ್ಟು ದಿನದಿಂದ ಕಣ್ಣು ಹಾಕಿ ಕೂತಿದ್ದ ಕುರ್ಚಿ ಅದು! ಆ ವಾರ ನಮ್ಮ ಬೀದಿಯಲ್ಲಿ ಆಕೆಯ ಕಾರು ಕಂಡರೆ ನಾನು ಗ್ಯಾರೇಜಿನ ಬಾಗಿಲು ಇಳಿಸಿಬಿಡುತ್ತಿದ್ದೆ.

ಮರುತಿಂಗಳ ಮೀಟಿಂಗಿಗೆ ಮೈಸೂರಿನವಳು ಬರಲಿಲ್ಲ. ನರ್ಸ್ ಮೇಜಿನ ನಡುವೆ ಫೋನ್ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಮುದುಕ ಮೇಸ್ತ್ರಿಗೆ ಕರೆ ಮಾಡಿದಳು. ಅವನ ದನಿ ನಾನು ಕೇಳಿದ್ದು ಅದೇ ಮೊದಲು. ಮೆತ್ತನೆಯ ದನಿ, ಎಣಿಸಿದಂಥ ಇಂಗ್ಲಿಷು. ಹಳೆಯ ಬೋರಿನ ಆಸೆ ಬಿಡಬೇಕು, ಪಕ್ಕದಲ್ಲಿ ಹೊಸದಾಗಿ ಕೊರೆಯಬೇಕು ಎಂದ. ಯಾವ ಪೈಪು ಎಂದು ಕೇಳಿದ. ಸ್ಟೀಲ್ ಎಂದೆ.

“ಸಂತೋಷ ಮೇಡಂ,” ಎಂದ. “ಒಂದು ಮಾತು ಕೇಳಬಹುದೇ? ಇಲ್ಲಿಗೆ ಬಂದಿದ್ದ ಮೇಡಂ ನನ್ನ ಜೊತೆ ಬಿಸಿಲಿನಲ್ಲಿ ಕೂತು ಎಲ್ಲವನ್ನೂ ಕೇಳಿದ್ದರು, ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅವರು ತಾವಾಗಿ ಅಂಥ ಪತ್ರ ಬರೆಯುವವರಲ್ಲ. ಪತ್ರದಲ್ಲಿ ಒಬ್ಬ ಇಂಜಿನಿಯರ್ ಎಂದಿತ್ತು. ಆ ಇಂಜಿನಿಯರ್ ಇನ್ನೂ ನಿಮ್ಮ ಜೊತೆ ಇದ್ದಾರೆಯೇ? ಇದ್ದರೆ ನಮ್ಮ ಹೆಂಗಸರು ಈ ಸಲ ಒಪ್ಪಲು ಹೆದರುತ್ತಾರೆ.”

ಬೆಳಗಾವಿ ಅಂಕಲ್ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು. ಇಲ್ಲ, ಬಿಟ್ಟುಹೋದರು ಎಂದಿದ್ದರೆ ಫೋನಿನ ಆಚೆಯವನು ನಂಬುತ್ತಿದ್ದ. ಆದರೆ ಒಂದು ಕೇರಿಯ ಹೆಂಗಸರು ನನಗೆ ಹೆದರಿ ಕೂತಿದ್ದಾರೆ, ನಾನೋ ಬೋರಿನ ಬಾಯಾರು.

“ಆ ಇಂಜಿನಿಯರ್ ನಾನೇ,” ಎಂದೆ. “ನೀವು ಹೇಳಿದ್ದು ಸರಿ ಇತ್ತು. ನಾನು ಪರೀಕ್ಷೆ ಮಾಡಿಸದೆ ಮಾತಾಡಿದೆ. ಕೆಂಪು ನೀರಿನ ಫೋಟೋ ಬಂದಾಗ ನನಗೆ ಗೊತ್ತಾಗಿತ್ತು, ಆಗಲೂ ಹೇಳಲಿಲ್ಲ. ಆ ಮೇಡಂದು ಏನೂ ತಪ್ಪಿಲ್ಲ.”

ಆತ ಬಯ್ಯಲಿಲ್ಲ. “ಹಾಗಾದರೆ ಹೆಂಗಸರಿಗೆ ನೀವೇ ಹೇಳಿ,” ಎಂದ. ಮರುವಾರ ಫೋನಿನಲ್ಲಿ ನರ್ಸ್ ಮಧ್ಯೆ ಕೂತು ಅವರ ಭಾಷೆಗೆ ತಿರುಗಿಸಿದಳು, ನಾನು ಹೇಳಿದೆ. ಆ ಕಡೆಯಿಂದ ಒಬ್ಬ ಹೆಂಗಸು ಜೋರಾಗಿ, ಬಹಳ ಹೊತ್ತು ಮಾತಾಡಿದಳು. ನರ್ಸ್ ಅದರಲ್ಲಿ ಅರ್ಧವನ್ನೂ ನನಗೆ ತಿರುಗಿಸಿ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ. ಬೋರು ಕೆಟ್ಟಾಗ ನಮ್ಮ ಕಡೆಯ ಹೆಂಗಸರೂ ನನಗೆ ಹಾಗೆಯೇ ಬಯ್ಯುತ್ತಿದ್ದರು.

ಮೇಸ್ತ್ರಿಗೆ ಕರೆ ಮಾಡಿದ ಆ ಭಾನುವಾರವೇ, ಸ್ಟಾಫರ್ಡ್‌ನಿಂದ ಬಂದ ಸಂಜೆ, ಚೀಲವನ್ನೂ ಇಳಿಸದೆ ಮೈಸೂರಿನವಳ ಮನೆಗೆ ಹೋದೆ. ಆಕೆ ಮನೆ ಮುಂದೆ ಮಗನ ಸಾಕರ್ ಸಾಮಾನುಗಳನ್ನು ಕಾರಿಗೆ ತುಂಬುತ್ತಿದ್ದಳು. ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದೆ, ಮೂರು ವಾರ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಬಯ್ಯಲಿ, ಅಳಲಿ, ಇನ್ನು ನಮ್ಮ ಮನೆಗೆ ಬರಬೇಡಿ ಎನ್ನಲಿ ಎಂದು ಕಾದೆ. ಅಷ್ಟಾದರೂ ಆದರೆ ಇಬ್ಬರೂ ಸರಿಸಮ ಆಗುತ್ತಿದ್ದೆವು.

ಆಕೆ ಕಾರಿನ ಡಿಕ್ಕಿ ಮುಚ್ಚಿ, “ಛೆ, ಯಾಕೆ ಹೇಳೋಕೆ ಹೋದ್ರಿ ಅಕ್ಕಾ?” ಎಂದಳು.

“ಅಂದ್ರ? ನಿನಗ ಗೊತ್ತಿತ್ತೇನು?”

“ಪೈಪ್ ಮುರೀತು ಅಂತ ಗೊತ್ತಾದಾಗ, ಫೋಟೋ ಕಳಿಸಿದ ದಿನದ ನಿಮ್ಮ ದನಿ ನೆನಪಾಗಿ ಅನುಮಾನ ಬಂತು. ಆದ್ರೆ ಮೀಟಿಂಗಲ್ಲಿ ನಿಮ್ಮ ಮುಖ ನೋಡಕ್ಕಾಗ್ಲಿಲ್ಲ ನನಗೆ. ನನಗೇನಕ್ಕಾ, ಆಫೀಸಿದೆ, ಇದಿಲ್ಲ ಅಂದ್ರೆ ಇನ್ನೊಂದು ಮಾಡ್ಕೋತೀನಿ. ನಿಮಗೆ ಇಂಜಿನಿಯರ್ ಅನ್ನೋದು ಒಂದೇ ಇತ್ತು. ಅದನ್ನೂ ಎಲ್ಲರ ಮುಂದೆ ಕಿತ್ಕೊಂಡ್ಬಿಟ್ರೆ ನೀವೇನ್ ಮಾಡ್ತಿದ್ರಿ?”

ದನಿಯಲ್ಲಿ ಒಂದಿಷ್ಟಾದರೂ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇಷ್ಟು ದಿನ ನಾನು ಆಕೆಯನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ, ಆಕೆ ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದಳು. ಒಳಗಿಂದ ಆಕೆಯ ಮಗ, “ಮಾಮ್, ವಿ ಆರ್ ಲೇಟ್!” ಎಂದು ಕೂಗಿದ. “ಬರ್ತೀನಿ ಅಕ್ಕಾ, ನಾಳೆ ಕಾಫಿಗೆ ಬನ್ನಿ,” ಎಂದು ನನ್ನ ತೋಳು ಮುಟ್ಟಿ ಕಾರು ಹತ್ತಿದಳು.

ಆ ಹೊತ್ತಿಗಾದರೂ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಅಂಥ ಮನಸ್ಸನ್ನು ದೇವರು ಆಕೆಗೆ ಯಾಕೆ ಕೊಟ್ಟ, ನನಗೆ ಯಾಕೆ ಕೊಡಲಿಲ್ಲ ಎಂದು ಆ ಖಾಲಿ ಡ್ರೈವ್‌ವೇನಲ್ಲಿ ನಿಂತು ನನಗೆ ಉರಿದಷ್ಟು ಹೊಟ್ಟೆ, ಆ ಶಾಲಿನ ದಿನವೂ ಉರಿದಿರಲಿಲ್ಲ.